ಅಕ್ಕಿ ಡಬ್ಬ ಮತ್ತು ಕಬ್ಬಿಣದ ಗೇಟು

ಕಳೆದ ವಾರ ಸಂಜೆ ನಮ್ಮ ಬಡಾವಣೆಯ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಹಿಂದಿನ ಬೀದಿಯ ಒಂದು ಮನೆಗೆ ರಾತ್ರಿ ಕಳ್ಳರು ನುಗ್ಗಿದ್ದರು. ಮಕ್ಕಳ ಬಾಯಲ್ಲೆಲ್ಲ ಅದೇ ಮಾತು. ಏಳನೇ ಕ್ಲಾಸಿನ ಹುಡುಗನೊಬ್ಬ ಕ್ರಿಕೆಟ್ ಬ್ಯಾಟನ್ನು ಗಾಳಿಯಲ್ಲಿ ಬೀಸುತ್ತಾ, “ನಾನಾಗಿದ್ದಿದ್ರೆ ಒಂದೇ ಏಟು, ಸಿಕ್ಸರ್!” ಅಂದ. ಉಳಿದವರು ಚಪ್ಪಾಳೆ ತಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ, “ನೀವಾಗಿದ್ರೆ ಏನ್ ಮಾಡ್ತಿದ್ರಿ ತಾತ?” ಅಂತ ಕೇಳಿದ.

“ಕೈ ಕಟ್ಟಿಸಿಕೊಂಡು ಸುಮ್ಮನೆ ಕೂತಿದ್ದೆ ಕಣಪ್ಪ” ಅಂದೆ.

ಎಲ್ಲರೂ ನಕ್ಕರು. ತಾತ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡರು. ತಮಾಷೆ ಅಲ್ಲ ಮಕ್ಕಳೇ, ನಿಜವಾಗಿ ನಡೆದದ್ದು. ಈ ಅಂಕಣದಲ್ಲಿ ಬ್ಯಾಂಕಿನ ಕಥೆ, ಬಸ್ಸಿನ ಕಥೆ, ನೆಂಟರ ಮನೆಯ ಕಥೆ ಎಲ್ಲ ಬರೆದಿದ್ದೇನೆ. ಇದೊಂದನ್ನು ಮಾತ್ರ ಬರೆದಿರಲಿಲ್ಲ. ಬರೆಯದೆ ಇದ್ದದ್ದಕ್ಕೆ ಕಾರಣ ಭಯ ಅಲ್ಲ, ನಾಚಿಕೆ. ಯಾಕೆ ನಾಚಿಕೆ ಅನ್ನುವುದು ಓದುತ್ತಾ ಹೋದರೆ ತಿಳಿಯುತ್ತದೆ.

ಅದು 2019ರ ಮಾರ್ಚ್ ತಿಂಗಳು. ಆಗ ನನಗೆ ಎಪ್ಪತ್ತರ ಹತ್ತಿರ. ಮಗನಿಗೆ ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್‌ನಲ್ಲಿ ಗಣಿ ಕಂಪನಿಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ. ಸೊಸೆ, ಒಂಬತ್ತು ವರ್ಷದ ಮೊಮ್ಮಗ ಅಲ್ಲೇ. “ಬನ್ನಿ ಅಪ್ಪ, ಮೂರು ತಿಂಗಳು ಇದ್ದು ಹೋಗಿ” ಅಂತ ಕರೆದಿದ್ದ. ನಾನೂ ನಮ್ಮಾಕೆಯೂ ಚಟ್ನಿಪುಡಿ, ಹುರಿಹಿಟ್ಟು, ಹಪ್ಪಳ ಕಟ್ಟಿಕೊಂಡು ಹೋಗಿದ್ದೆವು.

ಆ ಊರು ನನಗೆ ಮೊದಲ ದಿನವೇ ಗುರುತಿನ ಊರಿನ ಹಾಗೆ ಕಂಡಿತು. ನಾನು ಏಳು ವರ್ಷ ಕೋಲಾರ ಚಿನ್ನದ ಗಣಿಯ ರಾಬರ್ಟ್‌ಸನ್ ಪೇಟೆಯಲ್ಲಿ ಗುಮಾಸ್ತನಾಗಿದ್ದವನು. ಕೆಜಿಎಫ್ ನೋಡಿದವರಿಗೆ ಅಲ್ಲಿನ ಸಯನೈಡ್ ದಿಬ್ಬಗಳು ಗೊತ್ತು. ಚಿನ್ನ ತೆಗೆದಾದ ಮೇಲೆ ಉಳಿದ ಪುಡಿ ಮಣ್ಣನ್ನು ಸುರಿದು ಸುರಿದು ಆದ ಗುಡ್ಡಗಳು. ಜೊಹಾನ್ಸ್‌ಬರ್ಗ್‌ನಲ್ಲೂ ಅದೇ ಗುಡ್ಡಗಳು, ಹಳದಿ ಬಣ್ಣದವು. 1886ರಲ್ಲಿ ಚಿನ್ನ ಸಿಕ್ಕಿತು ಅಂತಲೇ ಹುಟ್ಟಿದ ಊರು ಅದು. ಜುಲು ಭಾಷೆಯಲ್ಲಿ ಆ ಊರಿಗೆ ‘ಎಗೋಲಿ’ ಅನ್ನುತ್ತಾರೆ. ಚಿನ್ನದ ಜಾಗ ಅಂತ ಅರ್ಥ. ಸಮುದ್ರಮಟ್ಟದಿಂದ ಸುಮಾರು 1,750 ಮೀಟರ್ ಎತ್ತರದಲ್ಲಿದೆ, ನಮ್ಮ ಮಡಿಕೇರಿಗಿಂತ ಎತ್ತರ. ಹವೆ ಬಹಳ ಹಿತ. ಬೆಳಗಾದರೆ ಹಡೀಡಾ ಅನ್ನುವ ಉದ್ದ ಕೊಕ್ಕಿನ ದೊಡ್ಡ ಹಕ್ಕಿ ‘ಹಾ, ಹಾ, ಹಡೀಡಾ’ ಅಂತ ಬೀದಿಗೆಲ್ಲ ಕೇಳುವ ಹಾಗೆ ಕಿರಿಚಿ ಎಬ್ಬಿಸುತ್ತದೆ. ರಸ್ತೆಯ ಸಿಗ್ನಲ್ ದೀಪಕ್ಕೆ ಅಲ್ಲಿಯವರು ‘ರೋಬಾಟ್’ ಅನ್ನುತ್ತಾರೆ. “ತಾತ, ರೋಬಾಟ್ ಹತ್ರ ಎಡಕ್ಕೆ ತಿರುಗು” ಅಂತ ಮೊಮ್ಮಗ ಹೇಳಿದಾಗ ನಾನು ಯಂತ್ರಮಾನವನನ್ನು ಹುಡುಕಿದ್ದೆ.

ಮನೆ ಮಾತ್ರ ಬೇರೆ ಥರ. ಸುತ್ತ ಎತ್ತರದ ಗೋಡೆ, ಗೋಡೆಯ ಮೇಲೆ ವಿದ್ಯುತ್ ಹರಿಯುವ ತಂತಿ, ರಿಮೋಟ್ ಒತ್ತಿದರೆ ಮಾತ್ರ ತೆರೆಯುವ ಗೇಟು, ಕಿಟಕಿಗೆಲ್ಲ ಕಬ್ಬಿಣದ ಸರಳು. ಬೀದಿಯಲ್ಲಿ ಖಾಸಗಿ ಕಾವಲು ಕಂಪನಿಯ ಬೋರ್ಡು ಇಲ್ಲದ ಮನೆ ಅಪರೂಪ. ಆ ದೇಶದಲ್ಲಿ ಪೊಲೀಸರಿಗಿಂತ ಖಾಸಗಿ ಕಾವಲುಗಾರರ ಸಂಖ್ಯೆ ಎಷ್ಟೋ ಹೆಚ್ಚು. ಅಲ್ಲಿನ ಪೊಲೀಸರು ಯಾರನ್ನೂ ಎದುರಿಸದೆ ಮಾಡುವ ಕಳವಿಗೆ ಒಂದು ಲೆಕ್ಕ ಇಡುತ್ತಾರೆ, ಮನೆಯಲ್ಲಿ ಜನ ಇರುವಾಗಲೇ ನುಗ್ಗಿ ಬೆದರಿಸುವ ದರೋಡೆಗೆ ಬೇರೆ ಲೆಕ್ಕ. ಎರಡನೆಯ ಲೆಕ್ಕದಲ್ಲಿ 2018-19ರ ಒಂದೇ ವರ್ಷಕ್ಕೆ 22 ಸಾವಿರಕ್ಕೂ ಹೆಚ್ಚು ಪ್ರಕರಣ.

ಇದೆಲ್ಲ ಸಾಲದು ಅಂತ ಮನೆಯ ಒಳಗೂ ಒಂದು ಗೇಟು. ಹಜಾರಕ್ಕೂ ಮಲಗುವ ಕೋಣೆಗಳಿಗೂ ನಡುವಿನ ಓಣಿಯಲ್ಲಿ, ಬ್ಯಾಂಕಿನ ಬಾಗಿಲಿಗೆ ಇರುತ್ತದಲ್ಲ, ಎಳೆದರೆ ಮಡಚಿಕೊಳ್ಳುವ ಕಬ್ಬಿಣದ ಗೇಟು, ಅಂಥದ್ದೇ. ತಳ್ಳಿದರೆ ‘ಠಣಾರ್’ ಅಂತ ತಾನೇ ಬೀಗ ಬೀಳುತ್ತದೆ. ರಾತ್ರಿ ಮಲಗುವಾಗ ಅದನ್ನು ಹಾಕಿಕೊಳ್ಳುವುದು ಆ ಊರಿನ ರೂಢಿ. ಕಳ್ಳರು ಹಜಾರಕ್ಕೆ ಬಂದರೂ ಜನ ಮಲಗಿರುವ ಕಡೆಗೆ ಬರಬಾರದು ಅಂತ.

“ಮೂವತ್ನಾಲ್ಕು ವರ್ಷ ಬ್ಯಾಂಕಲ್ಲಿ ದುಡಿದು ರಿಟೈರಾದ ಮೇಲೆ ಸ್ಟ್ರಾಂಗ್ ರೂಮಿನಲ್ಲಿ ಮಲಗೋ ಭಾಗ್ಯ ಬಂತಲ್ಲಪ್ಪ” ಅಂತ ನಾನು ಮಗನಿಗೆ ಹಾಸ್ಯ ಮಾಡಿದೆ.

ಅವನು ನಗಲಿಲ್ಲ. “ಅಪ್ಪ, ರಾತ್ರಿ ಆ ಗೇಟು ಯಾವ ಕಾರಣಕ್ಕೂ ತೆಗೀಬೇಡಿ” ಅಂದ.

ಆ ಮಾರ್ಚಿನಲ್ಲಿ ಅಲ್ಲಿ ಲೋಡ್ ಶೆಡ್ಡಿಂಗ್ ಜೋರಾಗಿತ್ತು. ಹೌದು, ನಮ್ಮ ಊರಿನ ಅದೇ ಮಾತೇ ಅಲ್ಲೂ. ವೇಳಾಪಟ್ಟಿ ಹಾಕಿ ಗಂಟೆಗಟ್ಟಲೆ ಕರೆಂಟ್ ತೆಗೆಯುತ್ತಿದ್ದರು. ಆ ದಿನವೂ ಸಂಜೆ ಒಂದು ಸಲ ಹೋಗಿ ಬಂದು, ಮಧ್ಯರಾತ್ರಿಯ ನಂತರ ಮತ್ತೆ ಹೋಗಿತ್ತು. ತಂತಿ ಬೇಲಿಗೂ ಅಲಾರಂಗೂ ಬ್ಯಾಟರಿ ಇತ್ತು. ಆದರೆ ಬ್ಯಾಟರಿಗೂ ಒಂದು ಮಿತಿ ಇರುತ್ತದೆ.

ರಾತ್ರಿ ಸುಮಾರು ಎರಡು ಗಂಟೆಗೆ ನನಗೆ ಎಚ್ಚರವಾಯಿತು. ಬಾಯಾರಿಕೆ. ಕೋಣೆಯ ಚೊಂಬಿನಲ್ಲಿ ನೀರಿಲ್ಲ. ಮೊಳೆಗೆ ನೇತುಹಾಕಿದ್ದ ಬೀಗದ ಕೈ ತೆಗೆದುಕೊಂಡು ಗೇಟು ತೆರೆದೆ, ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ. ಗೇಟು ಹಾಕಬೇಕು. ಹಾಕಿದರೆ ‘ಠಣಾರ್’ ಅನ್ನುತ್ತದೆ, ಮಗು ಏಳುತ್ತದೆ. ಒಂದು ರಾತ್ರಿಗೆ ಏನಾಗುತ್ತೆ ಬಿಡು ಅಂದುಕೊಂಡೆ. ಗೇಟನ್ನು ಹಾಗೇ ಒರಗಿಸಿ ಬಂದು ಮಲಗಿಬಿಟ್ಟೆ.

ಮುಕ್ಕಾಲು ಗಂಟೆಯ ಮೇಲೆ ಟಾರ್ಚಿನ ಬೆಳಕು ನೇರ ಕಣ್ಣಿಗೆ ಬಿತ್ತು.

ಮೂರು ಜನ. ಒಬ್ಬನ ಕೈಯಲ್ಲಿ ಪಿಸ್ತೂಲು, ಇನ್ನೊಬ್ಬನ ಕೈಯಲ್ಲಿ ಅಡುಗೆಮನೆಯ ಬಾಗಿಲು ಮೀಟಿದ್ದ ಹಾರೆ. ಮೂರನೆಯವನು ತೀರ ಚಿಕ್ಕ ಹುಡುಗ, ಇಪ್ಪತ್ತು ದಾಟಿರಲಿಕ್ಕಿಲ್ಲ. ಪಿಸ್ತೂಲಿನವನು ಬೆರಳನ್ನು ತುಟಿಯ ಮೇಲಿಟ್ಟು, “ಮದಾಲಾ, ಏಳು, ಸದ್ದು ಮಾಡಬೇಡ” ಅಂತ ಇಂಗ್ಲಿಷಿನಲ್ಲಿ ಪಿಸುಗುಟ್ಟಿದ. ಮದಾಲಾ ಅಂದರೆ ಮುದುಕ.

ಮಕ್ಕಳೇ, ಸಿನಿಮಾದಲ್ಲಿ ಈ ಜಾಗದಲ್ಲಿ ಹೀರೋ ಕಾಲೆತ್ತಿ ಒದೆಯುತ್ತಾನೆ. ನನ್ನ ಕಾಲು ನಡುಗುತ್ತಿತ್ತು. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ಆದರೂ ಆ ಹೊತ್ತಿನಲ್ಲಿ ನೆನಪಾದದ್ದು ನಮ್ಮ ಬ್ಯಾಂಕಿನ ಒಂದು ಹಳೆಯ ಸರ್ಕ್ಯುಲರ್. ದರೋಡೆಕೋರರು ಬಂದರೆ ಕ್ಯಾಷ್ ಕೌಂಟರಿನವರು ಏನು ಮಾಡಬೇಕು ಅಂತ ಮ್ಯಾನೇಜರು ವರ್ಷಕ್ಕೊಮ್ಮೆ ಓದಿ ಹೇಳುತ್ತಿದ್ದರು. ವಾದ ಮಾಡಬೇಡಿ. ಕೇಳಿದ್ದು ಕೊಡಿ. ಕೈಗಳು ಅವರಿಗೆ ಕಾಣುವ ಹಾಗಿರಲಿ. ಏನು ಮಾಡಬೇಕಿದ್ದರೂ ಮೊದಲು ಹೇಳಿ, ಆಮೇಲೆ ನಿಧಾನವಾಗಿ ಮಾಡಿ. ದಿಟ್ಟಿಸಿ ನೋಡಬೇಡಿ, ಆದರೆ ನೆನಪಿಟ್ಟುಕೊಳ್ಳಿ: ಎತ್ತರ, ನಡಿಗೆ, ಬಟ್ಟೆ, ಯಾವ ಕೈ ಬಳಸುತ್ತಾರೆ. ಹಣ ಬ್ಯಾಂಕಿನದು, ಜೀವ ನಿಮ್ಮದು. ನಾವು ಗುಮಾಸ್ತರು ಅದನ್ನು ಕೇಳುತ್ತಾ ಆಕಳಿಸುತ್ತಿದ್ದೆವು. ನನ್ನ ಸರ್ವಿಸಿನಲ್ಲಿ ಒಮ್ಮೆಯೂ ಬೇಕಾಗದ ಆ ಪಾಠ ಸುಮಾರು ಏಳು ಸಾವಿರ ಕಿಲೋಮೀಟರ್ ದೂರದ ಪರದೇಶದಲ್ಲಿ ಬೇಕಾಯಿತು.

“ಕನ್ನಡಕ ಹಾಕಿಕೊಳ್ತೀನಿ” ಅಂತ ಹೇಳಿ ನಿಧಾನವಾಗಿ ಕೈ ಚಾಚಿ ಹಾಕಿಕೊಂಡೆ. ನಮ್ಮಾಕೆಯ ಭುಜ ಮುಟ್ಟಿ, “ಏಳು, ಗಾಬರಿಯಾಗಬೇಡ, ಅವರು ಹೇಳಿದ ಹಾಗೆ ಮಾಡೋಣ” ಅಂದೆ.

ಐದೂ ಜನರನ್ನು ಮಗನ ಕೋಣೆಯಲ್ಲಿ ಸೇರಿಸಿದರು. ನನ್ನ ಮತ್ತು ಮಗನ ಕೈಗಳನ್ನು ಹಿಂದಕ್ಕೆ ಎಳೆದು, ಮೊಬೈಲ್ ಚಾರ್ಜರಿನ ವೈರಿನಿಂದ ಕಟ್ಟಿದರು. “ಗೋಲ್ಡ್ ಎಲ್ಲಿ? ಡಾಲರ್ ಎಲ್ಲಿ?” ಇಂಡಿಯದವರ ಮನೆಯಲ್ಲಿ ಚಿನ್ನ ಇರುತ್ತದೆ ಅಂತ ಪ್ರಪಂಚದ ಎಲ್ಲ ಕಳ್ಳರಿಗೂ ಗೊತ್ತು.

ನಮ್ಮಾಕೆ ಕೈಯ ಬಳೆ ತೆಗೆದುಕೊಟ್ಟಳು. ಕಿವಿಯ ಓಲೆ ತೆಗೆದಳು. ಆಮೇಲೆ ಯಾರೂ ಕೇಳುವ ಮುಂಚೆಯೇ ಮಾಂಗಲ್ಯದ ಸರವನ್ನು ತಲೆಯ ಮೇಲಿಂದ ಎತ್ತಿ ಅವನ ಕೈಗಿಟ್ಟಳು. ನಲವತ್ತೈದು ವರ್ಷದಲ್ಲಿ ಅವಳ ಕೊರಳನ್ನು ನಾನು ಬರಿದಾಗಿ ನೋಡಿದ್ದು ಅದೇ ಮೊದಲು.

“ಇಷ್ಟೇನಾ? ಇನ್ನೂ ಇದೆ” ಅಂತ ಪಿಸ್ತೂಲಿನವನು ಮಗನ ಹಣೆಗೆ ಪಿಸ್ತೂಲು ತಾಗಿಸಿದ. ಮಗ, “ಇಲ್ಲ, ನನಗೆ ಗೊತ್ತಿಲ್ಲ” ಅಂದ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ. ಬಂದ ಮೊದಲ ವಾರವೇ ನಮ್ಮಾಕೆ, ಸೊಸೆಗೆ ಅಂತ ತಂದಿದ್ದ ನಾಲ್ಕು ಬಳೆ, ಒಂದು ಸರವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಅಡುಗೆಮನೆಯ ಅಕ್ಕಿ ಡಬ್ಬದ ತಳದಲ್ಲಿ ಹೂತಿಟ್ಟಿದ್ದಳು. ಯುಗಾದಿಗೆ ಕೊಡಬೇಕು ಅಂತ ಆಸೆ. ಹೂತಿಡುವಾಗ ಡಬ್ಬ ಹಿಡಿದುಕೊಂಡವನು ಮೊಮ್ಮಗ. “ಯಾರಿಗೂ ಹೇಳ್ಬೇಡ, ಅಮ್ಮಂಗೂ ಹೇಳ್ಬೇಡ” ಅಂತ ಅವನಿಂದ ಆಣೆ ಹಾಕಿಸಿಕೊಂಡಿದ್ದಳು.

ಅಪ್ಪನ ಹಣೆಯ ಮೇಲಿನ ಪಿಸ್ತೂಲು ನೋಡಿ ಮಗು ಹೇಳಿಬಿಟ್ಟ: “ಕಿಚನ್‌ನಲ್ಲಿ. ಅಕ್ಕಿ ಡಬ್ಬದಲ್ಲಿ.”

ಹಾರೆಯವನು ಓಡಿದ. ಡಬ್ಬ ನೆಲಕ್ಕೆ ಸುರಿದ ಸದ್ದು ನಮಗೆ ಕೇಳಿಸಿತು.

ಸಿಕ್ಕಿದ್ದನ್ನೆಲ್ಲ ತುಂಬಿಕೊಂಡರು. ಲ್ಯಾಪ್‌ಟಾಪು, ಫೋನುಗಳು, ನಮ್ಮ ಪಾಸ್‌ಪೋರ್ಟುಗಳಿದ್ದ ಕೈಚೀಲ, ಸೊಸೆಯ ಕಾರಿನ ಕೀಲಿ. ಕೊನೆಗೆ ಐವರನ್ನೂ ಬಚ್ಚಲುಮನೆಗೆ ನೂಕಿ ಹೊರಗಿನಿಂದ ಬಾಗಿಲು ಹಾಕಿದರು.

ನನ್ನ ಸೊಸೆ ಬಹಳ ಜಾಣೆ. ಅಂಥ ಕಳ್ಳರು ಮನೆಯವರನ್ನು ಬಚ್ಚಲಲ್ಲಿ ಕೂಡಿಹಾಕುವುದು ಹೆಚ್ಚು ಅಂತ ಯಾರೋ ಹೇಳಿದ್ದು ಕೇಳಿ, ಕಾವಲು ಕಂಪನಿಗೆ ಕರೆ ಹೋಗುವ ಎರಡನೆಯ ಗುಂಡಿಯನ್ನು ಬಾಗಿಲ ಹಿಂದೆ ಟವೆಲುಗಳ ಕೆಳಗೆ ನೇತುಹಾಕಿದ್ದಳು. ಆದರೆ ಕೂಡಲೇ ಒತ್ತುವ ಹಾಗಿಲ್ಲ. ಅವರಿನ್ನೂ ಮನೆಯಲ್ಲಿರುವಾಗ ಸೈರನ್ ಕೇಳಿದರೆ ಗಾಬರಿಯಲ್ಲಿ ಗುಂಡು ಹಾರಿಸಿಬಿಟ್ಟರೆ? “ಕಾರು ಹೋದ ಸದ್ದು ಕೇಳಲಿ, ಆಮೇಲೂ ಸ್ವಲ್ಪ ಹೊತ್ತು ಕಾಯೋಣ” ಅಂದ ಮಗ.

ಕತ್ತಲು. ತಣ್ಣನೆಯ ನೆಲ. ಮೊಮ್ಮಗನ ಹಲ್ಲು ಕಟಕಟ ಅನ್ನುತ್ತಿತ್ತು. ನಾನು ಅವನ ಪಕ್ಕ ಸರಿದು ಕೂತು, “ಪುಟ್ಟ, ನನಗೆ ನೋಟು ಎಣಿಸೋಕೆ ಸಹಾಯ ಮಾಡ್ತೀಯಾ? ಒಂದು ಕಟ್ಟಿಗೆ ನೂರು ನೋಟು. ಎರಡು ಕಟ್ಟು ಎಣಿಸೋಣ” ಅಂದೆ. ಇಲ್ಲದ ನೋಟನ್ನು ಇಬ್ಬರೂ ಎಣಿಸಿದೆವು. ಕ್ಯಾಷಿಯರ್ ಎಣಿಸುವ ವೇಗದಲ್ಲಲ್ಲ, ಉಸಿರು ಎಳೆದು ಬಿಡುವ ವೇಗದಲ್ಲಿ. ಮೂವತ್ತರ ಹೊತ್ತಿಗೆ ಕಾರು ಹೋದ ಸದ್ದು ಕೇಳಿಸಿತು. ಎಂಬತ್ತರ ಹೊತ್ತಿಗೆ ಅವನ ಹಲ್ಲಿನ ಸದ್ದು ನಿಂತಿತು. ಇನ್ನೂರಕ್ಕೆ ಸೊಸೆ ಗುಂಡಿ ಒತ್ತಿದಳು.

ಹತ್ತು ನಿಮಿಷದೊಳಗೆ ಕಾವಲಿನವರು ಬಂದು ಬಾಗಿಲು ತೆರೆದರು. ಅವರ ಬೆನ್ನಿಗೇ ಪೊಲೀಸರು. ಗಡಿಯಾರ ನೋಡಿದೆ. ಕಣ್ಣಿಗೆ ಟಾರ್ಚು ಬಿದ್ದಾಗಿನಿಂದ ಒಂದು ಗಂಟೆಯೂ ಆಗಿರಲಿಲ್ಲ. ಐವರೂ ಜೀವಂತ ಇದ್ದೆವು. ನಮ್ಮಾಕೆ ಅಡುಗೆಮನೆಗೆ ಹೋಗಿ ಚೆಲ್ಲಿದ ಅಕ್ಕಿಯ ಮುಂದೆ ಕೂತು ಗೋರಲು ಶುರು ಮಾಡಿದಳು. “ಮುಟ್ಟಬೇಡಿ ಅಮ್ಮ, ಬೆರಳಚ್ಚು ತೆಗೀಬೇಕು” ಅಂತ ಪೊಲೀಸರು ತಡೆದರು.

ಬೆಳಗ್ಗೆ ಠಾಣೆಯಲ್ಲಿ ಹೇಳಿಕೆ ಕೊಟ್ಟೆ. ಒಬ್ಬ ಎಡಚ. ಒಬ್ಬ ಬಲಗಾಲು ಸ್ವಲ್ಪ ಎಳೆದು ನಡೆಯುತ್ತಿದ್ದ. ಚಿಕ್ಕವನ ಬೂಟಿನ ಲಾಡಿ ಒಂದು ಬಿಳಿ, ಒಂದು ಹಸಿರು. ಹೇಳಿಕೆ ಬರೆದುಕೊಂಡ ಮಹಿಳಾ ಅಧಿಕಾರಿ ತಲೆಯೆತ್ತಿ, “ಇಷ್ಟೆಲ್ಲ ಹೇಗೆ ನೆನಪಿಟ್ಟಿರಿ?” ಅಂದರು. “ಬ್ಯಾಂಕಿನಲ್ಲಿದ್ದೆ” ಅಂದೆ. ಹೋದ ವಸ್ತುಗಳ ಪಟ್ಟಿಯನ್ನೂ ಅಂಕಣ ಎಳೆದು, ಗ್ರಾಂ ಸಮೇತ ಬರೆದುಕೊಟ್ಟೆ. ಆ ದೂರಿನ ನಂಬರ್ ಇಲ್ಲದೆ ವಿಮೆಯೂ ಇಲ್ಲ, ಪಾಸ್‌ಪೋರ್ಟೂ ಇಲ್ಲ. ಅದನ್ನು ಹಿಡಿದುಕೊಂಡು ಜೊಹಾನ್ಸ್‌ಬರ್ಗ್‌ನಲ್ಲೇ ಇರುವ ಭಾರತದ ಕಾನ್ಸುಲೇಟಿಗೆ ಹೋದೆವು. ನಮ್ಮ ಪಾಸ್‌ಪೋರ್ಟಿನ ಜೆರಾಕ್ಸ್ ಪ್ರತಿ ಮಗನ ಆಫೀಸಿನಲ್ಲಿ ಇದ್ದದ್ದರಿಂದ ಕೆಲಸ ಸುಲಭವಾಯಿತು. ಪರದೇಶಕ್ಕೆ ಹೋಗುವ ಹಿರಿಯರು ಇದನ್ನು ಗುರುತು ಹಾಕಿಕೊಳ್ಳಿ: ಪಾಸ್‌ಪೋರ್ಟಿನ ಒಂದು ಪ್ರತಿ ಪಾಸ್‌ಪೋರ್ಟ್ ಇಲ್ಲದ ಬೇರೆ ಜಾಗದಲ್ಲಿರಬೇಕು.

ಇಲ್ಲಿಗೆ ಕಥೆ ಮುಗಿಯಿತು ಅಂದುಕೊಂಡಿರಾ? ನಿಜವಾದ ಕಥೆ ಇಲ್ಲಿಂದ ಶುರು.

ಹೇಳಿಕೆ ಕೊಡುವಾಗ ಒಂದು ವಿಷಯವನ್ನು ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಒಳಗಿನ ಗೇಟಿನ ವಿಷಯ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಗೇಟು ಹಾಕಿದ್ದಿದ್ದರೆ ಅವರು ಟಿವಿ, ಲ್ಯಾಪ್‌ಟಾಪು ಎತ್ತಿಕೊಂಡು ಹೋಗುತ್ತಿದ್ದರೇನೋ. ಮಗನ ಹಣೆಯವರೆಗೆ ಪಿಸ್ತೂಲು ಬರುತ್ತಿರಲಿಲ್ಲ. ಈ ಯೋಚನೆ ನನ್ನನ್ನು ಹಗಲೂ ರಾತ್ರಿ ತಿನ್ನುತ್ತಿತ್ತು.

ಇತ್ತ ಮೊಮ್ಮಗ ಮಾತು ಕಡಿಮೆ ಮಾಡಿದ. ದೀಪ ಆರಿಸಿದರೆ ಕಿರುಚುತ್ತಿದ್ದ. ಅಡುಗೆಮನೆಗೆ ಕಾಲಿಡಲಿಲ್ಲ. ಅನ್ನ ಮುಟ್ಟಲಿಲ್ಲ, ಬರೀ ಬ್ರೆಡ್ಡು ತಿಂದ. ಶಾಲೆಯಲ್ಲಿದ್ದ ಆಪ್ತ ಸಲಹೆಗಾರ್ತಿ ಅವನಿಂದ ಮನೆಯ ಚಿತ್ರ ಬರೆಸಿದರು. ಮನೆಯಷ್ಟೇ ದೊಡ್ಡದಾಗಿ ಒಂದು ಡಬ್ಬ ಬರೆದಿದ್ದ. “ಅವನಾಗಿ ಹೇಳಿದರೆ ಎಷ್ಟು ಸಲ ಹೇಳಿದರೂ ಕೇಳಿ. ಹೇಳದಿದ್ದರೆ ಬಲವಂತ ಬೇಡ. ಊಟ, ನಿದ್ದೆ, ಆಟದ ಹೊತ್ತು ಮೊದಲಿನ ಹಾಗೇ ಇರಲಿ” ಅಂದರು.

ಐದನೆಯ ದಿನ ಸಂಜೆ ಅಂಗಳದಲ್ಲಿ ಕೂತಿದ್ದಾಗ ಅವನು ನನ್ನ ಪಕ್ಕ ಬಂದು ಕೂತ. ಬಹಳ ಹೊತ್ತು ಹುಲ್ಲು ಕೀಳುತ್ತಿದ್ದ. ಆಮೇಲೆ, “ತಾತ, ನಾನು ಅಜ್ಜಿಗೆ ಆಣೆ ಹಾಕಿದ್ದೆ. ಆದ್ರೂ ಹೇಳ್ಬಿಟ್ಟೆ. ನಾನೂ ಕಳ್ಳರ ಕಡೆಯೋನಾ?” ಅಂತ ಕೇಳಿದ.

ನನಗೆ ಎದೆಗೆ ಏಟು ಬಿದ್ದ ಹಾಗಾಯಿತು. ಒಂಬತ್ತು ವರ್ಷದ ಮಗು ಐದು ದಿನದಿಂದ ತನ್ನದಲ್ಲದ ತಪ್ಪನ್ನು ಹೊತ್ತುಕೊಂಡು ಅನ್ನ ಬಿಟ್ಟಿದೆ. ತಪ್ಪು ಮಾಡಿದ ಎಪ್ಪತ್ತರ ಮುದುಕ ಎರಡು ಹೊತ್ತೂ ಸಾರು ಅನ್ನ ಉಣ್ಣುತ್ತಿದ್ದಾನೆ.

ಬ್ಯಾಂಕಿನಲ್ಲಿ ಒಂದು ಪಾಠವಿದೆ. ಸಂಜೆ ಕ್ಯಾಷ್ ಟ್ಯಾಲಿ ಆಗದಿದ್ದರೆ, ಕಡಿಮೆ ಬಿದ್ದದ್ದನ್ನು ಆ ಸಂಜೆಯೇ ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಅದು ಬರೀ ತಪ್ಪು. ಮುಚ್ಚಿಟ್ಟರೆ ನಾಳೆ ಅದು ಮೋಸ. ಅಷ್ಟೇ ಅಲ್ಲ, ಮುಚ್ಚಿಟ್ಟ ಕೊರತೆ ಯಾವಾಗಲೂ ಪಕ್ಕದ ಕೌಂಟರಿನವನ ತಲೆಗೆ ಬರುತ್ತದೆ. ನನ್ನ ಕೊರತೆ ಈ ಮಗುವಿನ ತಲೆಗೆ ಬಂದಿತ್ತು.

ಆ ರಾತ್ರಿ ಊಟದ ಮೇಜಿನಲ್ಲಿ ಎಲ್ಲರ ಮುಂದೆ ಹೇಳಿದೆ. “ಅವತ್ತು ರಾತ್ರಿ ಗೇಟು ತೆಗೆದು ಹಾಗೇ ಬಿಟ್ಟವನು ನಾನು. ನೀರು ಕುಡಿಯೋಕೆ ಹೋಗಿದ್ದೆ. ಸದ್ದಾಗುತ್ತೆ ಅಂತ ಹಾಕಲಿಲ್ಲ. ಮಗ ಬೇಡ ಅಂತ ಹೇಳಿದ್ದ, ನಾನು ಕೇಳಲಿಲ್ಲ. ನನ್ನಿಂದ ತಪ್ಪಾಯ್ತು.”

ಯಾರೂ ಮಾತಾಡಲಿಲ್ಲ. ಮಗ ತಟ್ಟೆ ನೋಡುತ್ತಾ ಕೂತಿದ್ದ. ಕೊನೆಗೆ, “ಗೇಟಿನ ಬೀಗ ಮುರಿದಿರಲಿಲ್ಲ ಅಪ್ಪ. ನನಗೆ ಅವತ್ತೇ ಗೊತ್ತಾಗಿತ್ತು” ಅಂದ.

“ಮತ್ತೆ ಯಾಕೋ ಕೇಳಲಿಲ್ಲ?”

“ಕೇಳಿ ಏನ್ ಮಾಡ್ಲಿ? ನೀವು ಇದ್ದೀರಲ್ಲ, ಸಾಕು ಅನ್ನಿಸ್ತು” ಅಂದವನು, ಸ್ವಲ್ಪ ತಡೆದು, “ಆದ್ರೆ ಕೋಪ ಬಂದಿತ್ತು. ಇಲ್ಲ ಅಂದ್ರೆ ಸುಳ್ಳಾಗುತ್ತೆ” ಅಂತಲೂ ಸೇರಿಸಿದ. ಅದನ್ನು ಅವನು ಹೇಳಿದ್ದು ಒಳ್ಳೆಯದಾಯಿತು.

ನಮ್ಮಾಕೆ ಮೊಮ್ಮಗನನ್ನು ಪಕ್ಕಕ್ಕೆ ಎಳೆದುಕೊಂಡಳು. “ಏ ಪುಟ್ಟ, ಕೇಳು. ಆಣೆ ಹಾಕಿಸಿಕೊಂಡಿದ್ದು ನನ್ನ ತಪ್ಪು. ಮಕ್ಕಳ ಹತ್ರ ಅಂಥ ಗುಟ್ಟು ಇಡಬಾರದಾಗಿತ್ತು. ನೀನು ಅಪ್ಪನ್ನ ಉಳಿಸಿದೆ ಕಣೋ. ನಾಲ್ಕು ಬಳೆ ಕೊಟ್ಟು ಅಪ್ಪನ್ನ ತಗೊಂಡೆ. ಇದಕ್ಕಿಂತ ಲಾಭದ ವ್ಯಾಪಾರ ನಿಮ್ಮ ತಾತ ಬಿಕಾಂ ಓದಿಯೂ ಮಾಡಿಲ್ಲ.”

ಮಗು ನಕ್ಕಿತು. ಐದು ದಿನದ ಮೇಲೆ ಮೊದಲ ನಗು. ಆಮೇಲೆ ಅತ್ತಿತು, ಗಟ್ಟಿಯಾಗಿ. ಅತ್ತು ಮುಗಿದ ಮೇಲೆ ಮೊಸರನ್ನ ಕೇಳಿತು.

ನಮ್ಮಾಕೆಯ ಕೊರಳು ಬರಿದಾಗಿತ್ತು ಅಂದೆನಲ್ಲ. ದರೋಡೆಯಾದ ಮಾರನೆಯ ದಿನವೇ ಅವಳು ಸೊಸೆಯನ್ನು ಕರೆದುಕೊಂಡು ಫೋರ್ಡ್ಸ್‌ಬರ್ಗ್‌ಗೆ ಹೋದಳು. ಅಲ್ಲಿ ಭಾರತೀಯ ಮೂಲದವರ ಅಂಗಡಿಗಳು ಬಹಳ. ಅರಿಶಿನದ ಕೊಂಬು ತಂದು, ದಾರಕ್ಕೆ ಅರಿಶಿನ ಹಚ್ಚಿ ಕಟ್ಟಿಕೊಂಡಳು. ಊರಿಗೆ ವಾಪಸು ಬರುವವರೆಗೂ ಅದೇ ಅವಳ ಮಾಂಗಲ್ಯ. ಯುಗಾದಿಯಂದು ಸೊಸೆಗೆ ಬಳೆಯ ಬದಲು ಬೇವು ಬೆಲ್ಲ ಕೊಟ್ಟಳು. ಬೇವೂ ಆ ವರ್ಷ ಹೆಸರಿಗಷ್ಟೇ ಇರಲಿಲ್ಲ.

ಇನ್ನೊಬ್ಬರ ವಿಷಯ ಹೇಳದಿದ್ದರೆ ಈ ಕಥೆ ಪೂರ್ತಿ ಆಗುವುದಿಲ್ಲ. ವಾರಕ್ಕೆ ಮೂರು ದಿನ ಮನೆಗೆಲಸಕ್ಕೆ ಜುಲು ಮಾತಾಡುವ ಒಬ್ಬ ಹಿರಿಯ ಹೆಂಗಸು ಬರುತ್ತಿದ್ದರು. ಮೊಮ್ಮಗ ಅವರನ್ನು ‘ಗೋಗೋ’ ಅನ್ನುತ್ತಿದ್ದ. ಜುಲುವಿನಲ್ಲಿ ಗೋಗೋ ಅಂದರೆ ಅಜ್ಜಿ. ದರೋಡೆಯ ಮರುದಿನ ಯಾರೋ ಒಬ್ಬರು ನಮ್ಮ ಅಂಗಳದಲ್ಲೇ ನಿಂತು, “ಇಂಥದ್ದು ಕೆಲಸದವರ ಕಡೆಯಿಂದಲೇ ಆಗೋದು, ಮೊದಲು ಅವಳನ್ನ ಬಿಡಿಸಿ” ಅಂದರು. ನಮ್ಮಾಕೆಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೆ ಧಾಟಿ ಅರ್ಥವಾಯಿತು. “ನೋಡಿದ್ದಾರಾ? ನೋಡದೆ ಹೇಳಬಾರದು ಅಂತ ಹೇಳೋ” ಅಂತ ಮಗನಿಗೆ ಕನ್ನಡದಲ್ಲಿ ಗದರಿದಳು.

ಗೋಗೋ ಬಂದವರೇ ನಮ್ಮಾಕೆಯ ಕೈ ಹಿಡಿದುಕೊಂಡು ಅತ್ತರು. ಆಮೇಲೆ ತಿಳಿಯಿತು, ಅವರ ಮನೆಗೂ ಎರಡು ಸಲ ಕಳ್ಳರು ನುಗ್ಗಿದ್ದರಂತೆ. ಅವರು ಇದ್ದದ್ದು ಟೌನ್‌ಶಿಪ್‌ನಲ್ಲಿ. ಹಿಂದೆ ಬಿಳಿಯರ ಸರ್ಕಾರ ಕಪ್ಪು ಜನರನ್ನು ಕಾನೂನು ಮಾಡಿಯೇ ಊರಾಚೆಗೆ ತಳ್ಳಿ ಕಟ್ಟಿಸಿದ ಬಡಾವಣೆಗಳು ಅವು. ಆ ಕಾನೂನು ಹೋಗಿ, 1994ರಲ್ಲಿ ಎಲ್ಲರಿಗೂ ಮತ ಬಂದು, ನೆಲ್ಸನ್ ಮಂಡೇಲಾ ಅಧ್ಯಕ್ಷರಾದರು. ಬಡತನ ಮಾತ್ರ ಕಾನೂನಿನ ಜೊತೆಗೇ ಹೋಗಲಿಲ್ಲ. ಗೋಗೋ ಮನೆಗೆ ತಂತಿ ಬೇಲಿ ಇರಲಿಲ್ಲ, ಒತ್ತಲು ಗುಂಡಿ ಇರಲಿಲ್ಲ, ಹತ್ತು ನಿಮಿಷಕ್ಕೆ ಬರುವ ಕಾವಲು ಗಾಡಿ ಇರಲಿಲ್ಲ. ಆ ದೇಶದಲ್ಲಿ ಕಳ್ಳರ ಭಯ ದೊಡ್ಡ ಗೋಡೆಯ ಮನೆಯವರಿಗಷ್ಟೇ ಅಂತ ನಾನು ತಿಳಿದಿದ್ದೆ. ಗೋಡೆಯೇ ಇಲ್ಲದವರನ್ನು ಅಲ್ಲಿಯವರೆಗೆ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಅವರು ನನ್ನನ್ನು ‘ಮ್ಖುಲು’ ಅಂತ ಕರೆಯುತ್ತಿದ್ದರು. ಅಜ್ಜ ಅಂತ ಅರ್ಥ. ಆ ಕಳ್ಳ ಕರೆದ ಮದಾಲಾ ಅನ್ನುವ ಶಬ್ದ ನನ್ನ ಕಿವಿಯಿಂದ ಹೋದದ್ದು ಈ ಮ್ಖುಲು ಕೇಳಿ ಕೇಳಿಯೇ.

ವಾಪಸು ಹೊರಡುವ ಮುಂಚೆ ಮೊಮ್ಮಗನನ್ನು ಕರೆದುಕೊಂಡು ಅಲ್ಲಿನ ಹಳೆಯ ಕೋಟೆಯ ಜೈಲು ನೋಡಲು ಹೋಗಿದ್ದೆ. ಗಾಂಧೀಜಿಯೂ ಮಂಡೇಲಾ ಅವರೂ ಬೇರೆ ಬೇರೆ ಕಾಲದಲ್ಲಿ ಸೆರೆಯಲ್ಲಿದ್ದ ಜಾಗ. ಈಗ ಅದೇ ಆವರಣದಲ್ಲಿ ದೇಶದ ಸಂವಿಧಾನ ನ್ಯಾಯಾಲಯ ಇದೆ. ಕೆಡವಿದ ಜೈಲಿನ ಇಟ್ಟಿಗೆಗಳನ್ನೇ ಅದಕ್ಕೆ ಬಳಸಿದ್ದಾರೆ. 1908ರ ಫೆಬ್ರವರಿಯಲ್ಲಿ ಇದೇ ಊರಿನ ಬೀದಿಯಲ್ಲಿ ಕೆಲವರು ಗಾಂಧೀಜಿಯನ್ನು ಪ್ರಜ್ಞೆ ತಪ್ಪುವ ಹಾಗೆ ಹೊಡೆದಿದ್ದರು. ಎಚ್ಚರ ಬಂದಾಗ ಅವರು, ಹೊಡೆದವರ ಮೇಲೆ ಮೊಕದ್ದಮೆ ಬೇಡ ಅಂದರು. ಈ ಕಥೆ ಹೇಳಿದಾಗ ಮೊಮ್ಮಗ, “ನೀನೂ ಹಾಗೇ ಹೇಳ್ತೀಯಾ ತಾತ?” ಅಂತ ಕೇಳಿದ.

“ಅಷ್ಟು ದೊಡ್ಡ ಮನಸ್ಸು ನನಗಿಲ್ಲ ಪುಟ್ಟ. ಅವರು ಸಿಗಬೇಕು, ಶಿಕ್ಷೆ ಆಗಬೇಕು. ಆದರೆ ಆ ಎರಡು ಬಣ್ಣದ ಲಾಡಿಯ ಹುಡುಗ ಹೊರಗೆ ಬಂದಾಗ ಅವನಿಗೆ ಒಂದು ಕೆಲಸ ಇರಲಿ ಅಂತಲೂ ಅನ್ನಿಸುತ್ತೆ” ಅಂದೆ. ಅವರು ಇವತ್ತಿನವರೆಗೂ ಸಿಕ್ಕಿಲ್ಲ.

ಅಜ್ಜ ಅಜ್ಜಿಯರಿಗೆ ಎರಡು ಮಾತು. ಮಕ್ಕಳ ಮನೆಗೆ ಹೋದಾಗ ಅವರ ಮನೆಯ ನಿಯಮ ನಮಗೆ ವಿಚಿತ್ರ ಕಾಣಬಹುದು. ಆ ಊರಿನಲ್ಲಿ ಬದುಕುತ್ತಿರುವವರು ಅವರು, ಅವರ ಮಾತು ಕೇಳೋಣ. ಮತ್ತೆ, ಚಿನ್ನ ಲಾಕರಿನಲ್ಲಿರಲಿ. ಅಕ್ಕಿ ಡಬ್ಬ ಲಾಕರ್ ಅಲ್ಲ, ಮೊಮ್ಮಕ್ಕಳಂತೂ ಖಂಡಿತ ಲಾಕರ್ ಅಲ್ಲ.

ಮಕ್ಕಳಿಗೆ ಮೂರು ಮಾತು. ತುರ್ತು ಸಹಾಯಕ್ಕೆ ನಮ್ಮಲ್ಲಿ 112, ಬಾಯಿಪಾಠ ಇರಲಿ. ಅಪ್ಪ ಅಮ್ಮನ ಒಂದು ಫೋನ್ ನಂಬರೂ ಬಾಯಿಪಾಠ ಇರಲಿ, ಫೋನೇ ಕಳುವಾದರೆ ಅದರೊಳಗಿನ ನಂಬರಿನಿಂದ ಉಪಯೋಗವಿಲ್ಲ. ಮೂರನೆಯದು, ದೊಡ್ಡದಾದ ಭಯದ ಸಂಗತಿ ನಡೆದಾಗ ‘ಇದು ನನ್ನಿಂದಲೇ ಆಯಿತು’ ಅಂತ ಅನ್ನಿಸಿದರೆ, ಅದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಬೇಡಿ. ಯಾರಾದರೂ ದೊಡ್ಡವರ ಪಕ್ಕ ಕೂತು ಕೇಳಿಬಿಡಿ. ಎಷ್ಟೋ ಸಲ ತಪ್ಪು ಆ ದೊಡ್ಡವರದೇ ಆಗಿರುತ್ತದೆ.

ಮೊಮ್ಮಗನಿಗೆ ಈಗ ಮೀಸೆ ಚಿಗುರುತ್ತಿದೆ. ಮೊನ್ನೆ ಭಾನುವಾರ ಫೋನಿನಲ್ಲಿ, “ಆ ರಾತ್ರಿಯ ಕಥೆ ಪತ್ರಿಕೆಗೆ ಬರೀಲೇನೋ?” ಅಂತ ಅವನ ಅನುಮತಿ ಕೇಳಿದೆ.

“ಬರೀ ತಾತ. ಆದ್ರೆ ಗೇಟು ತೆಗೆದಿದ್ದು ನೀನು ಅಂತ ಸರಿಯಾಗಿ ಬರಿ” ಅಂದ.

ಬರೆದಿದ್ದೇನೆ. ಪಾರ್ಕಿನ ಹುಡುಗನಿಗೆ ನಾಳೆ ಸಂಜೆ ಈ ಪುಟ ಓದಲು ಕೊಡುತ್ತೇನೆ. ಬ್ಯಾಟು ಕ್ರಿಕೆಟ್ಟಿಗೇ ಇರಲಿ.